ಹದಿನೈದನೆಯ ಕೊಡ

ಸಂಪಗಾಂವದ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ರಾಚವ್ವ ಆರು ವರ್ಷದಿಂದ ಶಾಲೆಯ ಹಿತ್ತಲ ಬಾವಿಯಿಂದಲೇ ನೀರು ಸೇದುತ್ತಿದ್ದಳು. ದಿನಕ್ಕೆ ಹದಿನಾಲ್ಕು ಕೊಡ. ವರ್ಷದಲ್ಲಿ ಒಂದೆರಡು ದಿನ ಮಾತ್ರ ಹದಿನೈದು. ಲೆಕ್ಕ ತಪ್ಪುವ ಹೆಣ್ಣಲ್ಲ ಅವಳು. ಅಳತೆಯ ಉಪ್ಪು, ಅಳತೆಯ ಮಾತು.

ಎರಡು ಸಾವಿರದ ಎಂಟರ ಶ್ರಾವಣದ ಒಂದು ಸೋಮವಾರ ಮಕ್ಕಳು ತಾಟು ಮುಟ್ಟಲಿಲ್ಲ.

"ಯಾಕ್ರೋ, ಸಾರು ಖಾರ ಆಗೇತೇನು?"

ಏಳನೆಯ ವರ್ಗದ ಸಪ್ನಾ ಬಾವಿಯತ್ತ ನೋಡದೆಯೇ ಹೇಳಿದಳು: "ಆಯಿ, ಈ ಬಾವ್ಯಾಗ ದೆವ್ವ ಐತಂತ. ಹಸರ ಸೀರಿ, ಕೈ ತುಂಬ ಬಳಿ. ನಮ್ಮ ಊರ ಹೆಸರ ಹುಡುಕಿದ್ರ ಕಂಪ್ಯೂಟರಿನ್ಯಾಗ ಬಂತು."

ರಾಚವ್ವನ ಕೈಯ ಸೌಟು ನಿಂತಿತು. ಮಕ್ಕಳು ಉಣ್ಣದಿದ್ದರೆ ಬರುವ ವಾರದಿಂದ ಊಟ ಬೈಲಹೊಂಗಲದಿಂದ ತರಿಸುವುದೆಂದು ಹೆಡ್‌ಮಾಸ್ತರರು ಸಂಜೆಯೇ ಹೇಳಿದರು. ಅವಳ ಒಲೆ ಅಲ್ಲಿಗೆ ಆರಿದಂತೆ.

ಕಂಪ್ಯೂಟರ್ ಕಲಿಸುವ ವಿರೂಪಾಕ್ಷ ಮಾಸ್ತರರು ಮಾತ್ರ ಆ ಪುಟವನ್ನು ಅಚ್ಚು ಹಾಕಿ ಸಪ್ನಾಳ ಕೈಗೆ ಕೊಟ್ಟರು. "ಇದನ್ನ ಬರದವರ ಹೆಸರಿಲ್ಲ, ತಾರೀಖಿಲ್ಲ. ಅಲ್ಲಿ ಬಂದೈತಿ ಅಂದ್ರ ಯಾರೋ ಬರದಾರ ಅಂತ, ಅಷ್ಟ. ಊರಾಗ ಕೇಳ್ರಿ: ನಿಮಗ ಯಾರು ಹೇಳಿದ್ರು? ನೀವ ಕಂಡೀರೇನು?"

ಮೂರು ದಿನ ಮಕ್ಕಳು ಮನೆ ಮನೆ ತಿರುಗಿದರು. ಊರ ಹಿರಿಯ ಮುದಕಪ್ಪನಿಗೆ ಹೆಂಡತಿ ಚನ್ನವ್ವ ಹೇಳಿದ್ದಳು. ಚನ್ನವ್ವನಿಗೆ ಹೇಳಿದವಳು ರಾಚವ್ವ. ಕಂಡವರು ಒಬ್ಬರೂ ಇಲ್ಲ.

ಗುರುವಾರ ಎಲ್ಲರೂ ಅಡಿಗೆಮನೆಯ ಬಾಗಿಲಿಗೆ ಬಂದರು. "ಆಯಿ, ನೀ ಕಂಡಿಯೇನ?"

ರಾಚವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ನಾನ ಹುಟ್ಟಿಸಿದ ಮಾತವಾ ಅದು. ಮೂವತ್ತ ವರ್ಷದ ಹಿಂದ ಈ ಬಾವಿಗೆ ಕಟ್ಟಿ ಇರಲಿಲ್ಲ. ನನ್ನ ಹುಡುಗೂರು ಹೋಗಿ ಇಣಕತಿದ್ವು. ಅಂಜಿ ದೂರ ಇರಲಿ ಅಂತ ದೆವ್ವದ ಕತಿ ಹೇಳಿದೆ. ಸೀರಿ ಮಾತೂ ನಂದ, ಬಳಿ ಮಾತೂ ನಂದ."

"ಹಂಗಾರ ದೆವ್ವದ ಅವ್ವ ನೀನ ಬಿಡು!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ತಾಟುಗಳ ಸಪ್ಪಳ ಮತ್ತೆ ಕೇಳಿತು. ಕೆಲವರು ಎರಡು ಸಲ ನೀಡಿಸಿಕೊಂಡರು.

ಊಟ ಮುಗಿದ ಮೇಲೆ ರಾಚವ್ವ ಸಪ್ನಾಳನ್ನು ಕರೆದಳು. ಓದು ಬಾರದ ರಾಚವ್ವನಿಗೆ ಸಹಿಯಷ್ಟೇ ಬರುತ್ತಿತ್ತು. "ಆ ಹಾಳಿ ಪೂರಾ ಓದವಾ."

ಸಪ್ನಾ ಓದಿದಳು. ಸೀರೆ, ಬಳೆ, ಎಲ್ಲ ರಾಚವ್ವ ಹೇಳಿದ್ದಂತೆಯೇ ಇತ್ತು. ಕೊನೆಯ ಸಾಲು: "ಅವಳು ಬಂದುಹೋದ ಮುಂಜಾನೆ ಕಟ್ಟೆಯ ಮೇಲೆ ಒದ್ದೆ ಹೆಜ್ಜೆಗಳಿರುತ್ತವೆ. ಎಲ್ಲವೂ ಎಡಗಾಲಿನವು."

ಆ ಹೆಜ್ಜೆಗಳನ್ನು ರಾಚವ್ವ ಆರು ವರ್ಷದಲ್ಲಿ ಒಂಬತ್ತು ಸಲ ಕಂಡಿದ್ದಳು. ಯಾರೂ ಬರುವ ಮೊದಲೇ ಒಂದು ಕೊಡ ಹೆಚ್ಚು ಸೇದಿ ತೊಳೆದಿದ್ದಳು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಬರದವರ ಹೆಸರ ಇನ್ನೊಮ್ಮೆ ನೋಡವಾ."

"ಇಲ್ಲ ಆಯಿ." ಸಪ್ನಾ ಪೆನ್ಸಿಲ್ ಹಿಡಿದಳು. "ಈ ಹೆಜ್ಜಿ ಮಾತೂ ನೀನ ಹುಟ್ಟಿಸಿದ್ದೇನ?"

ಒಲೆಯಲ್ಲಿ ಕೆಂಡ ಇನ್ನೂ ಇತ್ತು. ರಾಚವ್ವ ಅದನ್ನೇ ನೋಡಿದಳು.

"ಹೂಂನವಾ. ಅದೂ ನಂದ. ಬರಕೋ."

ಮರುದಿನ ಮುಂಜಾನೆ ಅವಳು ಹದಿನೈದು ಕೊಡ ಸೇದಿದಳು.