ದುಂಡಗೆ ಹಾಕಿದ ಸಹಿಗಳು

ಕಟ್ಟುಹಲ್ಲು ಮಾಡುವ ಡಿಪ್ಲೊಮಾ ನನ್ನ ಬಳಿ ಇದೆ. ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಆದರೆ ದೇವರಾಣೆಗೂ ಈವರೆಗೆ ಒಂದು ಹಲ್ಲೂ ಕೂರಿಸಿದವಳಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಕೂತು ಚೀಟಿ ಹರಿದುಕೊಡುತ್ತೇನೆ. ನಮ್ಮ ತರಗತಿಯಲ್ಲಿ ನಿಜವಾಗಿ ಹಲ್ಲು ಕಟ್ಟಲು ಬರುವುದು ಒಬ್ಬಳಿಗೆ ಮಾತ್ರ. ಅವಳ ಬಳಿ ಡಿಪ್ಲೊಮಾ ಇಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುವ ಗಾದೆ ನಮ್ಮಿಬ್ಬರನ್ನು ನೋಡಿಯೇ ಹುಟ್ಟಿರಬೇಕು.

ಅವಳನ್ನು ನಾವು ಮೇಣಿ ಎಂದು ಕರೆಯುತ್ತಿದ್ದೆವು. ತಾನೇ ಮೇಣ ಕೊಂಡು ತಂದು, ಕೊನೆಯ ಬೆಂಚಿನಲ್ಲಿ ಕೂತು ದವಡೆಹಲ್ಲು ಕೆತ್ತುತ್ತಿದ್ದಳು. ಉಗುರಿನ ಸಂದಿಯಲ್ಲಿ ಯಾವಾಗಲೂ ಗುಲಾಬಿ ಬಣ್ಣದ ಮೇಣ. ಇನ್ನೇನು ಮಾಡಿಯಾಳು? ಕಾಲೇಜಿನಲ್ಲಿ ಲ್ಯಾಬ್ ಇತ್ತು, ಅದಕ್ಕೆ ಬೀಗವೂ ಇತ್ತು, ಬೀಗದ ಕೈ ಎಲ್ಲಿದೆಯೆಂದು ಮಾತ್ರ ಯಾರೂ ಬಾಯಿಬಿಡುತ್ತಿರಲಿಲ್ಲ. ಮೇಷ್ಟ್ರು ಬೋರ್ಡಿನ ಮೇಲೆ ದವಡೆ ಬರೆದು, "ಇಲ್ಲಿ ಮೇಣ ಕರಗುತ್ತೆ, ಇಲ್ಲಿ ಹಲ್ಲು ಕೂರುತ್ತೆ" ಅನ್ನುತ್ತಿದ್ದರು. ಒಂದೂವರೆ ವರ್ಷ ನಾವು ಸೀಮೆಸುಣ್ಣದ ಹಲ್ಲು ನೋಡಿಕೊಂಡೇ ಕಾಲ ಕಳೆದೆವು.

ಮಧ್ಯಾಹ್ನ ನಾನೂ ಅವಳೂ ಆ ಲ್ಯಾಬಿನ ಮೆಟ್ಟಿಲ ಮೇಲೆಯೇ ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಒಂದು ದಿನ ಅವಳು, "ಹಿಂದಿನ ಬೀದೀಲಿ ಒಬ್ಬರು ತಾತ ಹಲ್ಲಿನ ಸೆಟ್ಟು ಮಾಡ್ತಾರೆ ಕಣೆ. ಸಂಜೆ ಬಂದ್ರೆ ಕಲಿಸ್ತೀನಿ ಅಂದ್ರು. ಎರಡು ಸ್ಟೂಲಿದೆ, ನೀನೂ ಬಾ" ಅಂದಳು.

"ಕಾಲೇಜಿಗೆ ಫೀಸು ಕಟ್ಟಿ ಬೀದೀಲಿ ಕಲೀಬೇಕಾ? ಮೊದಲು ಇವರನ್ನ ಕೇಳೋಣ" ಅಂದೆ ನಾನು. ಆಗ ನನ್ನ ಬಾಯಿ ಭಾರಿ ಜೋರು.

ಲ್ಯಾಬ್ ತೆರೆಯಿರಿ ಎಂದು ಅರ್ಜಿ ಬರೆದವಳು ನಾನೇ. ಬರೆದದ್ದೇನೋ ಆಯಿತು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮೊದಲ ಸಹಿ ಹಾಕಲು ಹತ್ತೊಂಬತ್ತು ಜನರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಉಪಾಯ ಹೇಳಿದವಳೂ ನಾನೇ. ದುಂಡಗೆ ಸಹಿ ಹಾಕಿದರೆ ಮೊದಲನೆಯವರೂ ಇರುವುದಿಲ್ಲ, ಕೊನೆಯವರೂ ಇರುವುದಿಲ್ಲ. ಮೇಣಿಯ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದೆವು. ಸುತ್ತಲೂ ಎಲ್ಲರೂ ಸಹಿ ಹಾಕಿದರು. ಅವಳದರ ಪಕ್ಕದಲ್ಲಿ ನನ್ನದು.

ಪ್ರಿನ್ಸಿಪಾಲರು ಗದರಲಿಲ್ಲ. ಒಬ್ಬೊಬ್ಬರನ್ನೇ ಕೋಣೆಗೆ ಕರೆದರು. ಅಕ್ಷರ ನನ್ನದೆಂದು ಗುರುತು ಹಿಡಿದು ನನ್ನನ್ನೇ ಮೊದಲು ಕರೆದರು. "ಪ್ರಾಕ್ಟಿಕಲ್ ಮಾರ್ಕ್ಸು ಹಾಕೋರು ನಾವೇ ಅಲ್ವೇನಮ್ಮ?" ಎಂದು ನಗುತ್ತಾ ಪೆನ್ನನ್ನು ನನ್ನ ಕಡೆ ಸರಿಸಿದರು. ಮನೆಯಲ್ಲಿ ಅಮ್ಮ ನನಗೆ ಸಿಗುವ ಕೆಲಸವನ್ನೇ ನೆಚ್ಚಿಕೊಂಡು ಕೂತಿದ್ದಳು. ನನ್ನ ಸಹಿಯನ್ನು ನಾನೇ ಹೊಡೆದುಹಾಕಿದೆ. ಒಂದು ಅಡ್ಡಗೆರೆ ಎಳೆಯಲು ಎಷ್ಟು ಹೊತ್ತು ಬೇಕು?

ಸಂಜೆಯೊಳಗೆ ಹದಿನೆಂಟು ಸಹಿಗಳು ಹೋದವು. ಮೇಣಿಯದು ಒಂದೇ ಉಳಿಯಿತು. "ಎಲ್ಲರೂ ಹೊಡೆದಾಗಿತ್ತು ಕಣೆ, ನಾನೊಬ್ಬಳು ಇಟ್ಕೊಂಡು ಏನು ಮಾಡ್ಲಿ?" ಎಂದು ಅವಳಿಗೆ ಹಸಿ ಸುಳ್ಳು ಹೇಳಿದೆ. "ಹೋಗ್ಲಿ ಬಿಡು" ಅಂದಳು. ಮಾರನೆಯ ದಿನದಿಂದ ನಾನು ಉಳಿದವರ ಜೊತೆ ಕ್ಯಾಂಟೀನಿನಲ್ಲಿ ಉಣ್ಣತೊಡಗಿದೆ. ಅಲ್ಲಿನ ಕಿಟಕಿಯಿಂದ ಲ್ಯಾಬಿನ ಮೆಟ್ಟಿಲು ಕಾಣುತ್ತಿತ್ತು. ನಾನು ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದೆ.

ತೆರೆಯದ ಲ್ಯಾಬಿನ ಪ್ರಾಕ್ಟಿಕಲ್ಲಿನಲ್ಲಿ ನಮಗೆಲ್ಲ ಎಂಬತ್ತರ ಮೇಲೆ ಬಂತು, ಅವಳು ಫೇಲು. ಮತ್ತೆರಡು ಸಲ ಪರೀಕ್ಷೆಗೆ ಕಟ್ಟಿದಳು, ಮತ್ತೆರಡು ಸಲವೂ ಫೇಲು. "ಸರ್ಟಿಫಿಕೇಟು ಕಚ್ಚಲ್ಲಮ್ಮ, ಹಲ್ಲು ಕಚ್ಚುತ್ತೆ. ಸ್ಟೂಲ್ ಎಳ್ಕೊಂಡು ಕೂತ್ಕೊ" ಅಂದರಂತೆ ಆ ತಾತ. ಅವಳು ಅಲ್ಲೇ ಉಳಿದಳು. ತಾತ ತೀರಿಕೊಂಡ ಮೇಲೆ ಅಂಗಡಿಯನ್ನು ಅವಳೇ ನಡೆಸಿದಳು. ಡಾಕ್ಟರುಗಳು ದವಡೆಯ ಅಚ್ಚು ಕಳಿಸುತ್ತಾರೆ, ಅವಳು ಹಲ್ಲು ಕಟ್ಟಿ ಕಳಿಸುತ್ತಾಳೆ, ಡಬ್ಬಿಯ ಮೇಲೆ ಡಾಕ್ಟರ ಹೆಸರು. ಊರಿನ ಅರ್ಧ ಮುದುಕರು ಅವಳ ಹಲ್ಲಿನಲ್ಲೇ ನಗುತ್ತಾರೆ. ಅವಳ ಮುಖ ಯಾರಿಗೂ ಗೊತ್ತಿಲ್ಲ.

ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಆ ಬೀದಿಗೆ ಹೋದೆ. ನಮ್ಮ ಆಸ್ಪತ್ರೆಯಲ್ಲೇ ಮಾಡಿಸಿದ ಸೆಟ್ಟು ಒಸಡು ಕೊರೆದು, ಅಮ್ಮ ಎರಡು ತಿಂಗಳಿಂದ ನೆನೆಸಿದ ಬ್ರೆಡ್ಡು ನುಂಗುತ್ತಿದ್ದಳು. ಡಾಕ್ಟರೇ ಗುಟ್ಟಾಗಿ ವಿಳಾಸ ಕೊಟ್ಟರು. ಆ ವಿಳಾಸ ನನಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು.

ಒಂದೇ ಕಿಟಕಿಯ ಕೋಣೆ. ಮೇಣಿಯ ತಲೆಯ ಮೇಲಿದ್ದದ್ದು ನರೆಯೋ ಪ್ಲಾಸ್ಟರ್ ಪುಡಿಯೋ ತಿಳಿಯಲಿಲ್ಲ. ನನ್ನನ್ನು ನೋಡಿ ತಲೆಯಾಡಿಸಿದಳು, ಅಷ್ಟೇ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಆ ಸೆಟ್ಟಿನ ಹಲ್ಲುಗಳ ನಡುವೆ ಕಾರ್ಬನ್ ಕಾಗದದಂಥ ನೀಲಿ ಕಾಗದ ಇಟ್ಟಳು. "ಕಚ್ಚಿ... ಬಿಡಿ... ಇನ್ನೊಂದ್ಸಲ ಕಚ್ಚಿ." ನೀಲಿ ಅಂಟಿದಲ್ಲೆಲ್ಲ ಕೂದಲೆಳೆಯಷ್ಟು ಉಜ್ಜಿದಳು, ಮತ್ತೆ ಹಾಕಿದಳು, ಮತ್ತೆ ಉಜ್ಜಿದಳು. ಒಂದು ಗಂಟೆಯಾದ ಮೇಲೆ ಕೈಗೊಂದು ಸೇಬು ಕೊಟ್ಟಳು. ಅಮ್ಮ ಕರುಂ ಎಂದು ಕಚ್ಚಿದಳು. "ಅಯ್ಯೋ, ನನ್ನ ಹಲ್ಲೇ ವಾಪಸ್ ಬಂದ ಹಾಗಾಯ್ತಲ್ಲೇ! ನನ್ನ ಮಗಳೂ ಇದನ್ನೇ ಓದಿದಾಳೆ, ಏನು ಪ್ರಯೋಜನ!" ಅಂದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಮ್ಮ ಬಾಯಿ ಮುಕ್ಕಳಿಸಲು ಹೊರಗೆ ಹೋದಳು. ನನಗೆ ತಡೆಯಲಾಗಲಿಲ್ಲ. "ಅವತ್ತು ಮೊದಲು ಹೊಡೆದಿದ್ದು ನಾನೇ ಕಣೆ" ಅಂದೆ.

"ಗೊತ್ತು. ನೀನಾದ್ಮೇಲೆ ನನ್ನನ್ನೇ ಕರೆದಿದ್ದು. ಆಗ ಹೊಡೆದಿದ್ದು ಒಂದೇ ಸಹಿ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

ಮೇಣಿ ನೀಲಿ ಕಾಗದದ ಚೂರುಗಳನ್ನು ಒಟ್ಟು ಮಾಡುತ್ತಿದ್ದಳು. "ಹೇಳಿದ್ರೆ ನೀನು ಊಟಕ್ಕೆ ಬರಲ್ಲ ಅಂತ ಸುಮ್ಮನಿದ್ದೆ. ಹೇಳ್ದೇ ಇದ್ರೂ ಬರಲಿಲ್ಲ."

ಗಡಿಯಾರದಲ್ಲಿ ಒಂದಾಗಿತ್ತು. ಅವಳು ಕೈ ತೊಳೆದು ಬಂದು, ತನ್ನ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಇನ್ನೊಂದು ಸ್ಟೂಲಿನ ಮೇಲೆ ಪ್ಲಾಸ್ಟರ್ ಅಚ್ಚುಗಳನ್ನು ಪೇರಿಸಿಟ್ಟಿದ್ದಳು. ಅವಳು ಅವನ್ನು ಎತ್ತಿಡಲಿಲ್ಲ. ನನಗೂ ಎತ್ತಿಡುವ ಧೈರ್ಯ ಬರಲಿಲ್ಲ. ಅಮ್ಮ ಬರುವವರೆಗೆ ನಿಂತೇ ಇದ್ದೆ.