ಗಬ್ಬೂರಿಗೆ ಪಾಲಿಗೆ ಹೋದ ಕುದುರೆ

ಯುದ್ಧದ ವರ್ಷಗಳವು. ದೇವದುರ್ಗದಲ್ಲಿ ಅಪ್ಪ, ಕಾಕಂದಿರು ಬೇರೆಯಾದಾಗ ಅಜ್ಜನ ಹೆಣ್ಣು ಕುದುರೆ ನಮಗೆ ಬಂತು, ಅದಕ್ಕೆ ಮೇವು ಬೆಳೆಯುವ ಹೊಲ ಬರಲಿಲ್ಲ. ರಾಯಚೂರಿನ ಟಾಂಗಾದವರು ಒಳ್ಳೆಯ ಬೆಲೆಗೇ ಕೇಳಿದ್ದರು. ಆದರೆ ನಾಳೆ ಯಾರಾದರೂ ನೆಂಟರು ಸ್ಟೇಷನ್ನಿನಲ್ಲಿ ಇಳಿದು, ನಮ್ಮ ಕುದುರೆ ಕಟ್ಟಿದ ಟಾಂಗಾವನ್ನೇ ಹತ್ತಿದರೆ? ಆ ಯೋಚನೆಗೇ ಅಪ್ಪನಿಗೆ ಊಟ ಸೇರಲಿಲ್ಲ.

ಹೀಗಾಗಿ ಗಬ್ಬೂರಿನ ಒಬ್ಬ ವ್ಯಾಪಾರಿಗೆ ಅದನ್ನು ಪಾಲಿಗೆ ಕೊಟ್ಟರು. ಅವರು ಮೇವು ಹಾಕಿ ದುಡಿಸಿಕೊಳ್ಳಬೇಕು, ಮರಿ ಹುಟ್ಟಿದರೆ ಅವರಿಗೊಂದು ನಮಗೊಂದು, ಕುದುರೆ ಮಾತ್ರ ನಮ್ಮದೇ. ಅಪ್ಪನಿಗಿಂತ ಹಿರಿಯರಾದ ಆ ಮನುಷ್ಯ ಜೀರಿಗೆ, ಮೆಂತ್ಯ, ಅರಿಷಿಣದ ಗಂಟುಗಳನ್ನು ಕುದುರೆಯ ಬೆನ್ನಿಗೆ ಹಾಕಿ ಹಳ್ಳಿಹಳ್ಳಿ ತಿರುಗಿ ಮಾರುತ್ತಿದ್ದರು. ಅಪ್ಪ ಈ ಭಾಗವನ್ನು ಯಾರಿಗೂ ಹೇಳುತ್ತಿರಲಿಲ್ಲ.

ಒಂದೆರಡು ವರ್ಷಕ್ಕೆ ಮಾನ್ವಿಯಲ್ಲಿ ನನಗೆ ಹೆಣ್ಣು ಗೊತ್ತಾಯಿತು. ಮೆರವಣಿಗೆಗೆ ಕುದುರೆ ಬಾಡಿಗೆಗೆ ತರಿಸಬೇಕೇ ಎಂದು ಹೆಣ್ಣಿನ ತಂದೆ ಕೇಳಿದರು. ಏಕೆ, ನಮ್ಮದೇ ಇದೆಯಲ್ಲ, ಗಬ್ಬೂರಿನ ಹೊಲದ ಮನೆಯಲ್ಲಿ ಕಟ್ಟಿಸಿದ್ದೇವೆ, ಆಳು ನೋಡಿಕೊಳ್ಳುತ್ತಾನೆ ಎಂದುಬಿಟ್ಟರು ಅಪ್ಪ. ಗಬ್ಬೂರಿನಲ್ಲಿ ನಮಗೆ ಹೊಲವೂ ಇರಲಿಲ್ಲ, ಮನೆಯೂ ಇರಲಿಲ್ಲ. ನಾನು ಪಕ್ಕದಲ್ಲೇ ಕೂತು ಎಲೆ-ಅಡಿಕೆ ತಟ್ಟೆ ನೋಡುತ್ತಿದ್ದೆ.

ಮದುವೆಗೆ ಕುದುರೆ ಕೇಳಿಕೊಳ್ಳಲು ಅಪ್ಪ, ನಾನು ಗಬ್ಬೂರಿಗೆ ಹೋದೆವು. ಆ ಹಿರಿಯರು ಹೊರಸಿನ ಮೇಲೆ ಹೊಸ ಕಂಬಳಿ ಹಾಸಿ ನಮ್ಮನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ತಾವು ನಿಂತೇ ಮಾತು ಕೇಳಿದರು. ಆಳು ಎಂದು ಹೇಳಿದ್ದನ್ನೂ ಅಪ್ಪ ತಡವರಿಸುತ್ತ ಹೇಳಿದರು. ಆಗಲಿ ಬಿಡಿ ಎಂದವರು ವ್ಯಾಪಾರ ಬಿಟ್ಟು ಮಾನ್ವಿಯವರೆಗೆ ಕುದುರೆ ಹೊಡೆದುಕೊಂಡು ಬಂದರು.

ಮೆರವಣಿಗೆ ಹೊರಟಿತು. ಮೊದಲ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ನೋಡುತ್ತ ನಿಂತಿದ್ದಳು. ಕುದುರೆ ಗಕ್ಕನೆ ಅವಳ ಮುಂದೆ ನಿಂತಿತು. ನಾನು ಹಿಮ್ಮಡಿಯಿಂದ ಒತ್ತಿದೆ, ಕದಲಲಿಲ್ಲ. ಹಿರಿಯರು ಹಗ್ಗ ಜಗ್ಗಿ ಹೊರಡಿಸಿದರೆ ಮುಂದಿನ ಬಾಗಿಲಿಗೆ ಮತ್ತೆ ನಿಂತಿತು. ಹೆಂಗಸರು ನಿಂತ ಬಾಗಿಲೆಂದರೆ ಜೀರಿಗೆ ಅಳೆಯುವ ಜಾಗ ಎಂದು ಅದು ಕಲಿತುಬಿಟ್ಟಿತ್ತು. ಬಾಜಾದವರು ಎಷ್ಟೋ ಮುಂದೆ ಹೋಗಿದ್ದರು. ಹಿಂದೆ ಯಾರೋ, ಸಂತೆಯ ಕುದುರೆ ಇದ್ದಂತಿದೆ ಎಂದು ನಕ್ಕರು. ಅಪ್ಪನ ಮುಖ ಬಿಳುಚಿತು. ಹೆಣ್ಣಿನ ತಂದೆ ಏನಾಯಿತೆಂದು ಹಿಂದಕ್ಕೆ ಬಂದರು.

ಹಿರಿಯರು ಅವರಿಗೆ ಕೈಮುಗಿದು ಹೇಳಿದರು: "ನಮ್ಮ ಧಣೇರ ಮನಿ ರೂಢಿ ಅದರೀ ಇದು. ಮದಲಿಂಗನ ಕುದುರಿ ಬಾಗಿಲಾಗ ಹೆಣ್ಮಕ್ಕಳನ್ನ ಕಂಡ್ರ ನಿಂತು, ಆರತಿ ತಗೊಂಡು ಮುಂದಕ್ಕ ಹೋಗ್ತದ."

ಹೆಂಗಸರು ಒಳಗೆ ಓಡಿ ಆರತಿ ತಟ್ಟೆ ತಂದರು. ಓಣಿ ಮುಗಿಯುವವರೆಗೆ ಬಾಗಿಲು ಬಾಗಿಲಿಗೆ ನನಗೆ ಆರತಿಯಾಯಿತು. ಇಂಥ ಮನೆತನ ಸಿಕ್ಕಿತಲ್ಲ ಎಂದು ಮಾವ ಕಂಡಕಂಡವರಿಗೆ ಹೇಳಿದರು. ಹಣೆಯ ಬಾಸಿಂಗದಿಂದ ನನ್ನ ಮುಖ ಪೂರ್ತಿ ಕಾಣುತ್ತಿರಲಿಲ್ಲ, ಅದೊಂದು ಪುಣ್ಯ.

ಊಟಕ್ಕೆ ಹಿರಿಯರನ್ನು ಅಂಗಳದಲ್ಲಿ ಆಳುಗಳ ಸಾಲಿಗೆ ಕೂರಿಸಿದರು. ಮಾವ ಮೆಚ್ಚಿ ತಮ್ಮದೊಂದು ಹಳೆಯ ಧೋತರ ಕೊಟ್ಟರು, ಅವರು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ನಾನು ಪಡಸಾಲೆಯಲ್ಲಿ ಹೋಳಿಗೆ ತಿನ್ನುತ್ತಿದ್ದೆ. ಎದ್ದು ಹೋಗಿ ಒಳಗೆ ಬನ್ನಿ ಎಂದು ಕರೆಯಲು ನನಗೇನು ಕಾಲು ಬಿದ್ದುಹೋಗಿತ್ತೇ? ಅವತ್ತಿನಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಮರುದಿನ ಅವರು ಹೊರಟಾಗ ಅಪ್ಪ ಹಿತ್ತಲಿಗೆ ಬಂದರು. ನಾನೂ ಹಿಂದೆ ಹೋದೆ. ಅಪ್ಪ ಕುದುರೆಯ ಕೊರಳ ಮೇಲೆ ಕೈಯಿಟ್ಟು ಹೇಳಿದರು:

"ಇನ್ನಮ್ಯಾಲ ಈ ಕುದುರಿ ನಿಂದ. ಮರಿಯಾಗ ಪಾಲೂ ಬ್ಯಾಡ."

ಅವರು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತಲೇ ಹೇಳಿದರು: "ಬ್ಯಾಡ್ರಿ ಧಣಿ, ನಿಮ್ಮದು ಅಂತನ ಇರ್ಲಿ. ನನಗ ದುಡಿಯಾಕ ಕುದುರಿ ಅದ, ಸಾಕು. ಮಂದಿ ಮುಂದ ನಮ್ಮದು ಅನ್ನಾಕ ನಿಮಗೊಂದು ಬೇಕಲ್ಲ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅಪ್ಪ ಸಿಟ್ಟಾದರೂ ಆಗಬಹುದಿತ್ತು.