ಚರ್ಮದ ಬಿಲ್ಲೆಯ ನೀರು

ಮೊನ್ನೆ ನಮ್ಮ ಬೀದಿಯಲ್ಲಿ ಹೊಸ ಪೈಪು ಹಾಕಲು ರಸ್ತೆ ಅಗೆದರು. ಹಳೆಯ ಕಬ್ಬಿಣದ ಪೈಪಿನ ತುಂಡೊಂದು ಮೇಲೆ ಬಂದು, ತುಕ್ಕೂ ಹಸಿಮಣ್ಣೂ ಸೇರಿದ ವಾಸನೆ ಜಗಲಿಯವರೆಗೆ ಹಬ್ಬಿತು. ನಿಮಗಾದರೆ ಅದು ಬರೀ ತುಕ್ಕು. ನನಗೆ ಮಾತ್ರ ಅರುವತ್ತರ ದಶಕದ ಬಂಟ್ವಾಳ ಪೇಟೆಯೇ ಮೂಗಿಗೆ ಬಡಿಯಿತು.

ಆಗ ನನ್ನದೊಂದು ಹಗ್ಗದ ಅಂಗಡಿ. ವಿಟ್ಲ, ವಾಮದಪದವು ಎಂದು ತಲೆಹೊರೆಯಲ್ಲಿ ಹಗ್ಗ ಮಾರಿ ಮಾರಿ, ಕುತ್ತಿಗೆ ಒಂದಿಷ್ಟು ಗಿಡ್ಡವಾದ ಮೇಲೆ ಸಿಕ್ಕಿದ ಅಂಗಡಿ. ಮನೆಗೊಂದು ಬಾವಿ, ಬಾವಿಗೊಂದು ರಾಟೆ, ರಾಟೆಗೊಂದು ಹಗ್ಗ. ಆ ಹಗ್ಗವೋ ಮಳೆಗೆ ಕೊಳೆಯುತ್ತದೆ, ಬೇಸಗೆಗೆ ಸವೆಯುತ್ತದೆ. ಅಂಗಡಿ ಇಡುವವರಿಗೆ ಈಗಲೂ ನಾನು ಹೇಳುವುದು ಇಷ್ಟೇ: ಸವೆಯುವ ವಸ್ತುವನ್ನು ಮಾರಿ. ಬಂಗಾರದವನು ಗಿರಾಕಿಯ ಮುಖ ನೋಡುವುದು ಮದುವೆಗೊಮ್ಮೆ.

ಅಷ್ಟರಲ್ಲಿ ಸರಕಾರಕ್ಕೆ ನಮ್ಮ ಪೇಟೆಯನ್ನು ಸುಧಾರಿಸುವ ಮನಸ್ಸು ಬಂತು. ಹೊಳೆಯ ನೀರು ಬೀದಿ ನಳ್ಳಿಗೆ, ಬಚ್ಚಲ ನೀರು ಚರಂಡಿಗೆ, ಖಾಲಿ ಜಾಗದಲ್ಲಿ ಗಿಡ ನೆಟ್ಟು ಉದ್ಯಾನ. ಊರಿಗೆ ಊರೇ ಖುಷಿಪಟ್ಟಿತು. ನಾನು ಅಂಗಡಿಗೆ ಹೋಗಿ ಉಳಿದ ಹಗ್ಗದ ಸುರುಳಿ ಎಣಿಸಿದೆ. ನಳ್ಳಿ ತಿರುಗಿಸುವವರಿಗೆ ಹಗ್ಗ ಯಾಕೆ?

ಮೈಸೂರು ಕಡೆಯ ಓವರ್ಸಿಯರರು ನಳ್ಳಿ ಕೂರಿಸುವಾಗ ನಾನೂ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ನೀರು ಸೋರದಂತೆ ಒಳಗೊಂದು ಕಂದು ಬಿಲ್ಲೆ ಇಟ್ಟರು.

"ಅದೆಂತದು ಸ್ವಾಮೀ?"

"ಚರ್ಮದ ವಾಷರ್ ಕಣ್ರೀ."

ನನಗಷ್ಟು ಸಾಕಾಯಿತು. ನಾನು ಹೇಳಿದ್ದು ಒಬ್ಬರಿಗೇ, ನೆರೆಮನೆಯ ಕಮಲಕ್ಕನಿಗೆ, ಅದೂ ಬಹಳ ಬೇಸರದ ಮುಖ ಮಾಡಿ. "ನಳ್ಳಿಯೊಳಗೆ ಚರ್ಮ ಉಂಟು ಕಮಲಕ್ಕ. ನನಗೇನೂ ಇಲ್ಲ, ನೀವು ಮಡಿಯವರಲ್ವಾ, ಅದಕ್ಕೆ ಹೇಳಿದ್ದು."

"ಅಯ್ಯೋ ದೇವರೇ! ಯಾವ ಪ್ರಾಣಿಯದ್ದೋ ಏನೋ!" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟ ಕಮಲಕ್ಕ ಮಧ್ಯಾಹ್ನದ ಊಟದೊಳಗೆ ಪೇಟೆ ಪೂರ್ತಿ ಮುಗಿಸಿದಳು.

ನಳ್ಳಿಗೆ ಹೂಮಾಲೆ ಬಿತ್ತು, ಭಾಷಣವಾಯಿತು, ನೀರೂ ಬಂತು. ಕೊಡಪಾನ ಮಾತ್ರ ಒಂದೂ ಬರಲಿಲ್ಲ. ಕುಡಿದದ್ದು ಒಂದು ಹೋರಿ. ಅದಕ್ಕೆ ಚರ್ಮದ ವಿಷಯ ಯಾರೂ ಹೇಳಿರಲಿಲ್ಲ. ನನ್ನ ಹಗ್ಗ ಮೊದಲಿನಂತೆಯೇ ಖರ್ಚಾಗುತ್ತಿತ್ತು.

ಹದಿನೈದು ದಿನ ಬಿಟ್ಟು ಓವರ್ಸಿಯರರು ಅಂಗಡಿಗೆ ಬಂದರು. "ಇದು ಯಾರ ಕಿತಾಪತಿ ಅಂತ ಗೊತ್ತು ಕಣ್ರೀ. ಯಾರೂ ನೀರು ಹಿಡೀದಿದ್ರೆ ನನ್ನ ಎತ್ತಂಗಡಿ ಮಾಡ್ತಾರೆ. ಉದ್ಯಾನದ ಗಿಡಕ್ಕೆಲ್ಲ ಬೇಲಿ ಕಟ್ಟೋಕೆ ಹಗ್ಗ ಬೇಕು, ನಿಮ್ಮಲ್ಲೇ ತಗೋತೀನಿ. ಏನಂತೀರಿ?"

"ಚರಂಡಿ ಕೆಲಸದ ಹಗ್ಗ?" ಎಂದೆ.

"ಅದೂ ನಿಮ್ಮದೇ ಮಾರಾಯ್ರೆ." ನಮ್ಮ ಮಾತು ಕಲಿತಿದ್ದರು.

ಅಂದೇ ಸಂಜೆ ಕಮಲಕ್ಕನ ಅಂಗಳಕ್ಕೆ ಹೋದೆ. "ದೇವಸ್ಥಾನದ ಚೆಂಡೆಗೆ ಎಂತ ಬಿಗಿದದ್ದು ಕಮಲಕ್ಕ?"

"ಚರ್ಮ."

"ಬಾರಿಸುವುದು ದೇವರ ಎದುರೇ ಅಲ್ವಾ? ದೇವರಿಗಿಲ್ಲದ ಮೈಲಿಗೆ ನಮಗೆ ಉಂಟಾ?"

"ಹೌದಲ್ವಾ ಮಾರಾಯ! ಇದು ಯಾರಿಗೂ ಹೊಳೆಯಲೇ ಇಲ್ಲ ನೋಡು!"

ಮರುದಿನ ನಳ್ಳಿಯೆದುರು ಕೊಡಪಾನಗಳ ಸಾಲು. ಮೂರನೆಯ ದಿನ ಜಗಳ. ಯೋಜನೆ ಗೆದ್ದಿತು.

ಒಪ್ಪದೆ ಉಳಿದವಳು ಒಬ್ಬಳೇ: ನನ್ನ ಅಮ್ಮ. ಚೆಂಡೆಯ ವಾದವನ್ನು ಪೂರ್ತಿ ಕೇಳಿ, "ದೇವರು ಚೆಂಡೆ ಕೇಳುವುದು ಮಗಾ, ಕುಡಿಯುವುದಲ್ಲ," ಎಂದಳು. ಬೀದಿಯೆಲ್ಲ ನಳ್ಳಿ ನೀರು ಕುಡಿಯುವಾಗ ನಾನು ದಿನಾ ಬೆಳಿಗ್ಗೆ ಹಿತ್ತಲ ಬಾವಿಯಿಂದ ಅವಳಿಗೆ ಎರಡು ಕೊಡ ನೀರು ಸೇದಬೇಕಾಯಿತು. ಅವಳಿದ್ದಷ್ಟು ವರ್ಷವೂ ಸೇದಿದೆ. ಒಮ್ಮೆ ಅಂಗೈಯ ಬೊಬ್ಬೆ ಒಡೆದು ಉರಿಯುವಾಗ, "ಚರ್ಮದ ಸುದ್ದಿ ಹಬ್ಬಿಸಿದ್ದು ನಾನೇ ಅಮ್ಮ, ವ್ಯಾಪಾರಕ್ಕೆ," ಎಂದು ಒಪ್ಪಿಕೊಂಡೆ.

"ಗೊತ್ತುಂಟು," ಎಂದಳು ಅಮ್ಮ, ಬತ್ತಿ ಹೊಸೆಯುವುದನ್ನು ನಿಲ್ಲಿಸದೆ. "ಕಮಲ ಅವತ್ತೇ ಹೇಳಿದ್ದಾಳೆ. ನಿನ್ನ ಮೊದಲ ಮಾತಿನ ಮೇಲೆ ಊರಿಗಿಲ್ಲದ ನಂಬಿಕೆ ನನಗಾದರೂ ಬೇಡವಾ? ಸೇದು."

ನನ್ನ ಜೀವಮಾನದಲ್ಲಿ ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದವಳು ಅವಳೊಬ್ಬಳೇ.

ಮೊನ್ನೆ ಮಧ್ಯಾಹ್ನ, ಅಗೆಯುವ ಗಡಿಬಿಡಿಯಲ್ಲಿ ಇದ್ದ ಪೈಪೂ ಒಡೆದು, ಕೆಲಸದವರು ನಮ್ಮಲ್ಲಿಗೆ ಕುಡಿಯುವ ನೀರು ಕೇಳಿಕೊಂಡು ಬಂದರು. ಹಿತ್ತಲಿಗೆ ಹೋಗಿ ಕೊಡ ಇಳಿಸಿದೆ. "ಈ ಪ್ರಾಯದಲ್ಲಿ ನೀವು ಯಾಕೆ ಅಜ್ಜ? ಹಗ್ಗ ಕೊಡಿ, ನಾನು ಸೇದ್ತೇನೆ," ಎಂದು ಒಬ್ಬ ಕೈಚಾಚಿದ.

ಹಗ್ಗ ಕೇಳಿದವನಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು.